ಕಂಡ ಹಕ್ಕಿ, ಉಂಡ ಹಕ್ಕಿ

ಪುಣೆಯಿಂದ ಅಹಿಲ್ಯಾನಗರದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಐವತ್ತು ಕಿಲೋಮೀಟರ್ ಆಸುಪಾಸಿಗೆ ಸಿಗುವ ರಾಂಜಣಗಾಂವದಲ್ಲಿ ಎರಡು ಕಥೆಗಳು ಅಕ್ಕಪಕ್ಕದಲ್ಲೇ ಬಾಳಿಕೊಂಡಿವೆ. ಒಂದು ದೇವಸ್ಥಾನದ್ದು. ಅಷ್ಟವಿನಾಯಕರಲ್ಲಿ ಒಬ್ಬನಾದ ಇಲ್ಲಿನ ಮಹಾಗಣಪತಿಯ ಹಿಂದೆ, ನೆಲಮಾಳಿಗೆಯಲ್ಲಿ, ಹತ್ತು ಸೊಂಡಿಲು ಇಪ್ಪತ್ತು ಕೈಗಳ ‘ಮಹೋತ್ಕಟ’ನೆಂಬ ಮೂಲವಿಗ್ರಹ ಅಡಗಿದೆ ಎಂದು ಭಕ್ತರಲ್ಲಿ ಹಲವರು ನಂಬುತ್ತಾರೆ, ಅಂಥದ್ದೇನೂ ಇಲ್ಲ ಎಂದು ದೇವಸ್ಥಾನದವರು ಹೇಳುತ್ತಾರೆ. ಇನ್ನೊಂದು ಕಥೆ ಅಲ್ಲಿನ ಎಂಐಡಿಸಿ ಕೈಗಾರಿಕಾ ಪ್ರದೇಶದ್ದು. 2007ರಲ್ಲಿ ಅಲ್ಲಿಯ ಹಳೆಯ ಕಾರ್ಖಾನೆಯೊಂದನ್ನು ಕೊಂಡು ಫ್ರಿಜ್ಜು ತಯಾರಿಕೆಗೆ ಇಳಿದ ಚೀನಾದ ಹೈಯರ್ ಕಂಪನಿ ತನ್ನ ಹುಟ್ಟಿನ ಬಗ್ಗೆ ಹೇಳಿಕೊಳ್ಳುವ ಕಥೆ ಅದು. 1985ರಲ್ಲಿ, ಚಿಂಗ್‌ದಾವ್ ನಗರದ ದಿವಾಳಿಯಂಚಿನ ಕಾರ್ಖಾನೆಯಲ್ಲಿ, ಮುಖ್ಯಸ್ಥ ಝಾಂಗ್ ರುಯಿಮಿನ್ ಅವರು ದೋಷವಿದ್ದ 76 ಫ್ರಿಜ್ಜುಗಳನ್ನು ಸಾಲಾಗಿ ನಿಲ್ಲಿಸಿ, ಅವನ್ನು ತಯಾರಿಸಿದ ಕಾರ್ಮಿಕರ ಕೈಯಿಂದಲೇ ಸುತ್ತಿಗೆಯಲ್ಲಿ ಒಡೆಸಿದರು. ತಪ್ಪು ಮಾಡಿದವನ ಕೈಗೇ ಸುತ್ತಿಗೆ ಕೊಟ್ಟು ಎಲ್ಲರೆದುರು ಒಡೆಸುವ ಈ ದೃಶ್ಯದ ಮೇಲೆ, ಅದಕ್ಕೆ ಹಿಂದಿನ ಎರಡು ದಶಕಗಳ ಸಾರ್ವಜನಿಕ ಟೀಕಾಸಭೆಗಳ ನೆರಳು ಬಿದ್ದಿದೆ ಎಂದು ನನಗೆ ಅನ್ನಿಸುತ್ತದೆ, ಇರಲಿ. ಆ ಸುತ್ತಿಗೆ ಈಗ ಬೀಜಿಂಗಿನ ತಿಯಾನನ್‌ಮೆನ್ ಚೌಕದ ಬದಿಯ ರಾಷ್ಟ್ರೀಯ ಮ್ಯೂಸಿಯಂನ ಸಂಗ್ರಹದಲ್ಲಿದೆ. ಅದೇ ಮ್ಯೂಸಿಯಂ 2011ರಲ್ಲಿ ಹೊಸದಾಗಿ ತೆರೆದಾಗ, ದೇಶದ ಆಧುನಿಕ ಚರಿತ್ರೆ ಹೇಳುವ ಪ್ರದರ್ಶನದಲ್ಲಿ ಹತ್ತು ವರ್ಷ ನಡೆದ ಸಾಂಸ್ಕೃತಿಕ ಕ್ರಾಂತಿಯ ಪಾಲಿಗೆ ಬಂದದ್ದು ಒಂದು ಫೋಟೋ ಮತ್ತು ಮೂರು ಸಾಲು ಬರಹ. ಸುತ್ತಿಗೆಗೆ ಜಾಗ ಸಿಕ್ಕಿತು, ಹತ್ತು ವರ್ಷಗಳಿಗೆ ಸಿಗಲಿಲ್ಲ. ಹೀಗೆ ಮುಚ್ಚಿಟ್ಟದ್ದನ್ನು ನೆಲಮಾಳಿಗೆಯ ಮಹೋತ್ಕಟನ ಹಾಗೆ ಬರೀ ಬಾಯಿಮಾತಿನ ಮೇಲೆ ನಂಬಬೇಕೆ, ಅಥವಾ ಅದಕ್ಕೂ ಒಂದು ಪ್ರಮಾಣ ಇದೆಯೆ? ಚೀನಾದ ರಾಜಕೀಯ ಚರಿತ್ರೆಯ ಬಗ್ಗೆ ಬಂದಿರುವ ಸಾಕ್ಷ್ಯಚಿತ್ರಗಳು ಎತ್ತುವ ಪ್ರಶ್ನೆ ಇದು. ಮೇಲುನೋಟಕ್ಕೆ ರಾಜಕೀಯದ ಪ್ರಶ್ನೆ; ಆಳದಲ್ಲಿ ನಮ್ಮ ತರ್ಕಶಾಸ್ತ್ರ ಸಾವಿರಾರು ವರ್ಷ ಕುಟ್ಟಿ ಕೇರಿದ ಪ್ರಶ್ನೆ.

ಸಾಕ್ಷ್ಯಚಿತ್ರ ಎಂಬ ಕನ್ನಡದ ಮಾತಿನಿಂದಲೇ ಹೊರಡಬಹುದು. ರಾಂಜಣಗಾಂವದ ಮರಾಠಿಯಲ್ಲಿ ಇದೇ ವಸ್ತುವಿಗೆ ‘ಮಾಹಿತಿಪಟ’ ಎನ್ನುತ್ತಾರೆ. ಹಿಂದಿಯವರು ‘ವೃತ್ತಚಿತ್ರ’ ಎನ್ನುತ್ತಾರೆ, ನಡೆದದ್ದರ ವರದಿ ಎಂಬಂತೆ. ಚೀನೀ ಭಾಷೆಯ ಹೆಸರಿಗೆ ‘ದಾಖಲೆಯ ಚಿತ್ರ’ ಎಂದು ಅರ್ಥ. ಕನ್ನಡ ಮಾತ್ರ ಈ ಬಗೆಯ ಚಿತ್ರವನ್ನು ನೇರವಾಗಿ ಕಟಕಟೆಗೆ ಹತ್ತಿಸಿದೆ. ಈ ಪದವನ್ನು ಟಂಕಿಸಿದವರಿಗೆ ಇಷ್ಟೆಲ್ಲ ಉದ್ದೇಶ ಇತ್ತೋ ಇಲ್ಲವೋ, ಪದ ಮಾತ್ರ ಸರಿಯಾದ ಜಾಗಕ್ಕೆ ತಗುಲಿದೆ. ಏಕೆಂದರೆ ಮಾಹಿತಿ ಎಂದಾಗ ಅದನ್ನು ಕೊಟ್ಟವರು ಯಾರೆಂದು ಕೇಳಬೇಕಾಗಿಲ್ಲ, ದಾಖಲೆ ಎಂದಾಗ ಬರೆದ ಕೈ ಕಾಣುವುದಿಲ್ಲ. ಸಾಕ್ಷ್ಯ ಎಂದೊಡನೆ ಒಬ್ಬ ವ್ಯಕ್ತಿ ಎದುರಿಗೆ ಬಂದು ನಿಲ್ಲಬೇಕಾಗುತ್ತದೆ. ತನ್ನ ಹೆಸರು ಹೇಳಬೇಕಾಗುತ್ತದೆ, ಪಾಟೀಸವಾಲಿಗೆ ಸಿದ್ಧವಾಗಬೇಕಾಗುತ್ತದೆ. ನನ್ನ ವಾದ ಇಷ್ಟೇ: ಇಂಥ ಚಿತ್ರದ ಬಲ ಕ್ಯಾಮೆರಾ ಕಂಡದ್ದರಲ್ಲಿ ಇಲ್ಲ, ಮನುಷ್ಯ ಹೇಳಿದ್ದರಲ್ಲಿ ಇದೆ. ಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಅದನ್ನು ಪ್ರತ್ಯಕ್ಷ ಪ್ರಮಾಣ ಎಂದು ಎಣಿಸುವುದು ತಪ್ಪು, ಅದು ಶಬ್ದ ಪ್ರಮಾಣ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆ ಕನ್ನಡದಲ್ಲಿ ಸುಮ್ಮನೆ ಹುಟ್ಟಿದ್ದಲ್ಲ.

ಕಣ್ಣಿನ ಸೋಲಿಗೆ 1970ರ ದಶಕದ ಎರಡು ಚಿತ್ರಗಳು ಸಾಕು. ಇಟಲಿಯ ಮೈಕೆಲೆಂಜೆಲೊ ಆಂಟೋನಿಯೋನಿ ಅವರು 1972ರಲ್ಲಿ ಚೀನಾ ಸರ್ಕಾರದ ಆಹ್ವಾನದ ಮೇಲೆ ಹೋಗಿ ಬೀಜಿಂಗ್, ಹೆನಾನ್, ಸೂಚೌ, ನಾನ್‌ಜಿಂಗ್, ಶಾಂಘೈಗಳಲ್ಲಿ ಚಿತ್ರೀಕರಿಸಿ ‘ಚುಂಗ್ ಕುವೊ’ ಎಂಬ ಮೂರೂವರೆ ಗಂಟೆಯ ಚಿತ್ರ ಮಾಡಿದರು. ಚೀನಾವನ್ನು ವಿವರಿಸುವ ಹಟ ಅವರಿಗಿರಲಿಲ್ಲ. ಮುಖಗಳನ್ನು, ನಡಿಗೆಗಳನ್ನು, ಬೀದಿಗಳನ್ನು ಕಂಡಷ್ಟು ತೋರಿಸಿದರೆ ಸಾಕು ಎಂಬ ವಿನಯ ಇತ್ತು. ಆ ವಿನಯವೂ ಅಪರಾಧವಾಯಿತು. 1974ರ ಜನವರಿಯಲ್ಲಿ ‘ಪೀಪಲ್ಸ್ ಡೈಲಿ’ ಅವರ ಮೇಲೆ ಹರಿಹಾಯ್ದು, ನಾನ್‌ಜಿಂಗ್ ಸೇತುವೆಯನ್ನು ಬೇಕೆಂದೇ ವಕ್ರವಾಗಿ ತೋರಿಸಿದ್ದಾರೆ ಎಂದು ಕೂಡ ಆರೋಪಿಸಿತು. ಚಿತ್ರ ಚೀನಾದಲ್ಲಿ ತೆರೆ ಕಂಡದ್ದು 2004ರಲ್ಲಿ. ಅದೇ ಹೊತ್ತಿಗೆ ಡಚ್ ನಿರ್ದೇಶಕ ಯೋರಿಸ್ ಇವೆನ್ಸ್ ಮತ್ತು ಮಾರ್ಸೆಲಿನ್ ಲೋರಿದಾನ್ ದಂಪತಿ ಇನ್ನೂ ಹೆಚ್ಚು ಕಾಲ ಅಲ್ಲಿದ್ದು, 1976ರಲ್ಲಿ ಹನ್ನೆರಡು ಚಿತ್ರಗಳ ಸರಣಿಯೊಂದನ್ನು ಹೊರತಂದರು. ಒಟ್ಟು ಸುಮಾರು ಹನ್ನೆರಡು ಗಂಟೆ. ಅದರಲ್ಲೊಂದು ಬೀಜಿಂಗಿನ ಒಂದು ಶಾಲೆಯ ಪುಟ್ಟ ಪ್ರಸಂಗ. ಗಂಟೆ ಹೊಡೆದ ಮೇಲೂ ಹುಡುಗನೊಬ್ಬ ಚೆಂಡು ಒದೆಯುತ್ತಾನೆ, ಅದು ಶಿಕ್ಷಕಿಗೆ ತಗುಲುವಂತೆ ಹಾದುಹೋಗುತ್ತದೆ, ಆಕೆ ಸಿಟ್ಟಾಗಿ ಚೆಂಡು ಕಿತ್ತುಕೊಳ್ಳುತ್ತಾರೆ, ತರಗತಿಯಲ್ಲಿ ಮಕ್ಕಳೂ ಶಿಕ್ಷಕಿಯೂ ಕೂತು ಚರ್ಚಿಸಿ ರಾಜಿಯಾಗುತ್ತಾರೆ. ನೋಡಲು ಬಲು ಮುದ್ದಾದ ಚಿತ್ರ. ಅದರ ಒಂದು ಚೌಕಟ್ಟನ್ನೂ ಸುಳ್ಳು ಎನ್ನಲಾಗದು.

ಆದರೆ ಅದೇ ಬೀಜಿಂಗಿನಲ್ಲಿ, 1966ರ ಆಗಸ್ಟ್ 5ರಂದು, ಬೀಜಿಂಗ್ ನಾರ್ಮಲ್ ಯೂನಿವರ್ಸಿಟಿಗೆ ಸೇರಿದ ಬಾಲಕಿಯರ ಶಾಲೆಯಲ್ಲಿ ಉಪಪ್ರಾಂಶುಪಾಲೆ ಬಿಯೆನ್ ಝೊಂಗ್‌ಯುನ್ ಅವರನ್ನು ಸ್ವಂತ ವಿದ್ಯಾರ್ಥಿನಿಯರೇ ಹೊಡೆದು ಕೊಂದಿದ್ದರು. ಚೆಂಡಿನ ಪ್ರಸಂಗವನ್ನು ಚಿತ್ರೀಕರಿಸುವಾಗ ಆ ನಗರದ ಯಾವ ಶಿಕ್ಷಕನ ಮನಸ್ಸಿನಲ್ಲೂ ಅದು ಇಲ್ಲದಿರಲಿಲ್ಲ. ಕ್ಯಾಮೆರಾಕ್ಕೆ ಮನಸ್ಸು ಕಾಣದು, ನಿನ್ನೆಯೂ ಕಾಣದು. ಇದರಲ್ಲಿ ನನ್ನನ್ನು ಹೆಚ್ಚು ತಡೆದು ನಿಲ್ಲಿಸುವುದು ಲೋರಿದಾನ್ ಅವರ ಸಂಗತಿ. ಆಕೆ ಹದಿಹರೆಯದಲ್ಲಿ ನಾಜಿಗಳ ಬಿರ್ಕೆನೌ ಶಿಬಿರದಿಂದ ಬದುಕಿ ಬಂದವರು. 1961ರ ಫ್ರೆಂಚ್ ಚಿತ್ರವೊಂದರಲ್ಲಿ ಪ್ಯಾರಿಸಿನ ಬೀದಿಯಲ್ಲಿ ನಡೆಯುತ್ತ, ಮರಳಿ ಬಾರದ ತಂದೆಯನ್ನು ಕುರಿತು ಮಾತಾಡಿ ಸಾಕ್ಷ್ಯವೆಂದರೆ ಏನು ಎಂಬುದನ್ನು ಸಿನಿಮಾ ಜಗತ್ತಿಗೇ ಕಲಿಸಿದವರು. ಅಂಥವರ ಕಣ್ಣಿಗೂ ಚೀನಾದ ಶಿಬಿರಗಳು ಬೀಳಲಿಲ್ಲ. ಇದನ್ನು ಮೋಸ ಎನ್ನುವುದು ಅನ್ಯಾಯ. ಕಂಡದ್ದನ್ನು ತೋರಿಸಿದರು. ತೋರಿಸುವುದು ತಿಳಿಸುವುದಕ್ಕೆ ಸಮ ಎಂಬ ನಂಬಿಕೆಯಲ್ಲೇ ತೊಡಕಿತ್ತು.

ಪ್ರಮಾಣಗಳು ಎಷ್ಟು ಎಂಬ ಜಗಳ ನಮ್ಮಲ್ಲಿ ಹಳೆಯದು. ಚಾರ್ವಾಕರಿಗೆ ಪ್ರತ್ಯಕ್ಷ ಒಂದೇ. ಬೌದ್ಧರು ಅನುಮಾನವನ್ನು ಸೇರಿಸಿ ಎರಡಕ್ಕೆ ನಿಂತರು. ಮಾತಿನಿಂದ ಬರುವ ತಿಳಿವು ಏನಿದ್ದರೂ ಅನುಮಾನದ ಒಂದು ಬಗೆ ಎಂದರು. ನೈಯಾಯಿಕರು ಮಾತಿಗೆ ಸ್ವತಂತ್ರ ಸ್ಥಾನ ಕೊಟ್ಟರು, ಆದರೆ ಷರತ್ತು ಹಾಕಿದರು: ಆಡಿದವನು ಆಪ್ತನಾಗಿರಬೇಕು. ಆಪ್ತ ಎಂದರೆ ನಂಟನಲ್ಲ. ವಿಷಯವನ್ನು ತಾನೇ ನೇರವಾಗಿ ಅರಿತವನು, ಅರಿತದ್ದನ್ನು ಅರಿತಂತೆಯೇ ಹೇಳಬೇಕೆಂಬ ತುಡಿತ ಉಳ್ಳವನು. ಭಾಷ್ಯಕಾರ ವಾತ್ಸ್ಯಾಯನ ಇದಕ್ಕೊಂದು ಮಾತು ಸೇರಿಸುತ್ತಾನೆ. ನನಗೆ ಅದು ಇಡೀ ನ್ಯಾಯಶಾಸ್ತ್ರದ ಉದಾರವಾದ ಜಾಗಗಳಲ್ಲಿ ಒಂದಾಗಿ ಕಾಣುತ್ತದೆ. ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಈ ಲಕ್ಷಣ ಸಮಾನ ಎನ್ನುತ್ತಾನೆ. ಆಡುವವನ ಕುಲ, ದೇಶ ಯಾವುದಾದರೂ ಆಗಲಿ, ಅರಿತು ಹೇಳಿದರೆ ಅದು ಪ್ರಮಾಣ. ಇದರ ಜೊತೆಗೆ ನೈಯಾಯಿಕರು ‘ಐತಿಹ್ಯ’ವನ್ನೂ ಚರ್ಚಿಸಿದರು: ಈ ಆಲದ ಮರದಲ್ಲಿ ಯಕ್ಷ ಇದ್ದಾನಂತೆ ಎಂಬ ಜಾತಿಯ ಮಾತು, ಮೊದಲು ಆಡಿದವನು ಯಾರೆಂದು ಗೊತ್ತಿಲ್ಲದ ಮಾತು. ಅದನ್ನು ಬೇರೆಯದೇ ಪ್ರಮಾಣ ಎಂದು ಅವರು ಒಪ್ಪಲಿಲ್ಲ. ರಾಂಜಣಗಾಂವದ ಮಹೋತ್ಕಟ ಈ ವರ್ಗಕ್ಕೆ ಸೇರಿದವನು. ಅವನನ್ನು ಕಂಡೆ ಎಂದು ಹೆಸರು ಹೇಳಿ ನಿಲ್ಲುವವರು ಇಲ್ಲ. ಭಕ್ತಿಗೆ ಅದರ ಅಗತ್ಯವೂ ಇಲ್ಲ ಎನ್ನಬಹುದು. ಚೀನಾದ ಮುಚ್ಚಿಟ್ಟ ಚರಿತ್ರೆ ಬಹುಕಾಲ ಹೀಗೇ ಐತಿಹ್ಯವಾಗಿ, ಹಿತ್ತಲಿನ ಪಿಸುಮಾತಾಗಿ ಇತ್ತು. ಅದನ್ನು ಶಬ್ದ ಪ್ರಮಾಣದ ಮಟ್ಟಕ್ಕೆ ಏರಿಸಿದ ಕೆಲಸಕ್ಕೆ ಚೀನಾದ ಸ್ವತಂತ್ರ ಸಾಕ್ಷ್ಯಚಿತ್ರಕಾರರ ಪಾಲು ದೊಡ್ಡದು.

ಅವರಲ್ಲಿ ವಾಂಗ್ ಬಿಂಗ್ ಅವರದು ತೀರ ಹಟದ ಮಾರ್ಗ. 1957ರ ಬಲಪಂಥೀಯ ವಿರೋಧಿ ಚಳವಳಿಯಲ್ಲಿ ಐದೂವರೆ ಲಕ್ಷದಷ್ಟು ಜನರಿಗೆ ‘ಬಲಪಂಥೀಯ’ ಎಂಬ ಹಣೆಪಟ್ಟಿ ಬಿತ್ತು. ಅವರಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮಂದಿಯನ್ನು ಗಾನ್ಸು ಪ್ರಾಂತದ ಮರುಭೂಮಿಯಲ್ಲಿದ್ದ ಜಿಯಾಬಿಯಾನ್‌ಗೌ ಶಿಬಿರಕ್ಕೆ ಅಟ್ಟಲಾಯಿತು. ಮಹಾಕ್ಷಾಮದ ಹಸಿವಿಗೆ ಸಿಕ್ಕಿ ಅಲ್ಲಿಂದ ಜೀವಂತವಾಗಿ ಹಿಂದಿರುಗಿದವರು ಐನೂರರ ಆಸುಪಾಸು. ಅಲ್ಲಿ ಗಂಡನನ್ನು ಕಳೆದುಕೊಂಡ ಹೆ ಫೆಂಗ್‌ಮಿಂಗ್ ಎಂಬ ವೃದ್ಧೆಯನ್ನು ಕುರಿತ ವಾಂಗ್ ಬಿಂಗ್ ಅವರ 2007ರ ಚಿತ್ರದಲ್ಲಿ, ಮೂರು ಗಂಟೆಗೂ ಮಿಗಿಲಾಗಿ, ನಡೆಯುವುದು ಹೆಚ್ಚುಕಡಿಮೆ ಒಂದೇ. ಆಕೆ ತಮ್ಮ ಮನೆಯ ಕುರ್ಚಿಯಲ್ಲಿ ಕೂತು ಮಾತಾಡುತ್ತಾರೆ. ಮಾತಾಡುತ್ತಿದ್ದಂತೆ ಹೊತ್ತು ಮುಳುಗುತ್ತದೆ, ಕೋಣೆ ಕತ್ತಲಾಗುತ್ತದೆ, ಮುಖ ನೆರಳಾಗಿ ಕರಗುತ್ತದೆ. ಆಕೆ ನಿಲ್ಲಿಸುವುದಿಲ್ಲ. ಕೊನೆಗೆ ನಿರ್ದೇಶಕರೇ ದೀಪ ಹಾಕುವಂತೆ ಕೇಳಬೇಕಾಗುತ್ತದೆ. ಆ ಕತ್ತಲಿನ ಹೊತ್ತಿನಲ್ಲಿ ಕ್ಯಾಮೆರಾಕ್ಕೆ ಕಾಣುವುದು ಏನೂ ಉಳಿದಿಲ್ಲ, ಆದರೂ ನಮ್ಮ ತಿಳಿವು ಒಂದು ಕಾಳಿನಷ್ಟೂ ಕಡಿಮೆಯಾಗುವುದಿಲ್ಲ. ಇವೆನ್ಸ್ ಅವರ ಬೆಳಕು ತುಂಬಿದ ಹನ್ನೆರಡು ಗಂಟೆಗಳಲ್ಲಿ ಸಿಗದ ಚೀನಾ ಈ ಕತ್ತಲ ಕೋಣೆಯಲ್ಲಿ ಸಿಗುತ್ತದೆ. ‘ಡೆಡ್ ಸೋಲ್ಸ್’ (2018) ಇದೇ ದಾರಿಯಲ್ಲಿ ಇನ್ನೂ ಮುಂದೆ ಹೋಗುತ್ತದೆ: ಎಂಟು ಗಂಟೆಗೂ ಮೀರಿದ ಅವಧಿ, ಹನ್ನೆರಡು ವರ್ಷಗಳ ಅವಧಿಯಲ್ಲಿ ಸಂಗ್ರಹಿಸಿದ ಬದುಕುಳಿದವರ ಮಾತು. ಅದರ ಕೊನೆಗೆ ಕ್ಯಾಮೆರಾ ಮರುಭೂಮಿಗೆ ಹೋಗಿ ನೆಲದ ಮೇಲೆ ಚೆದುರಿದ ಮೂಳೆಗಳನ್ನು ನೋಡುತ್ತ ಅಲೆಯುತ್ತದೆ. ಈ ಚಿತ್ರಣ ಪ್ರತ್ಯಕ್ಷವೇ ಅಲ್ಲವೆ ಎಂದು ಕೇಳಬಹುದು. ಹೌದು. ಆದರೆ ಎಂಟು ಗಂಟೆ ಕಿವಿಗೊಟ್ಟವನಿಗೆ ಮಾತ್ರ ಅವು ಯಾರ ಮೂಳೆಗಳೆಂದು ಗೊತ್ತು. ಚಿತ್ರವನ್ನು ಕೊನೆಯ ಹತ್ತು ನಿಮಿಷಕ್ಕೆ ಬಂದು ನೋಡಿದವನಿಗೆ ಅದು ಬರೀ ಮರಳು, ಬರೀ ಸುಣ್ಣದ ಚೂರು. ಫೋಟೋದ ಪಾಡೂ ಇದೇ. ಬೀಜಿಂಗಿನ ಶಾಲೆಯಲ್ಲಿ ಕೊಲೆಯಾದ ಬಿಯೆನ್ ಅವರ ಪತಿ ವಾಂಗ್ ಜಿಂಗ್‌ಯಾವ್ ಹೆಂಡತಿ ಸತ್ತ ಮರುದಿನ ಕ್ಯಾಮೆರಾ ಕೊಂಡು ತಂದು ಆ ಜಜ್ಜಿದ ದೇಹದ ಫೋಟೋ ತೆಗೆದರು. ರಕ್ತ ಮೆತ್ತಿದ ಬಟ್ಟೆಗಳನ್ನು ದಶಕಗಳ ಕಾಲ ಕಾಪಿಟ್ಟರು. ಆ ಫೋಟೋಗಳೂ ನಲವತ್ತು ವರ್ಷ ಮೂಕವಾಗಿದ್ದವು. ಇನ್ನೊಬ್ಬ ಸ್ವತಂತ್ರ ಸಾಕ್ಷ್ಯಚಿತ್ರಕಾರ ಹು ಜಿಯೆ ಅವರ 2006ರ ಚಿತ್ರದಲ್ಲಿ ಮುದುಕ ಅವನ್ನು ಕೈಯಲ್ಲಿ ಹಿಡಿದು ಮಾತಾಡಿದಾಗಲೇ ಅವು ಲೋಕದ ಮುಂದೆ ಬಾಯಿ ಬಿಟ್ಟದ್ದು.

ಇಲ್ಲಿ ಸಾಕ್ಷಿ ಎಂಬ ಮಾತು ನಮ್ಮ ದರ್ಶನಗಳಲ್ಲಿ ಇಬ್ಬಗೆಯಾಗಿರುವುದನ್ನು ನೆನೆಯಬೇಕು. ಮುಂಡಕೋಪನಿಷತ್ತಿನ ಎರಡು ಹಕ್ಕಿಗಳು ಎಲ್ಲರಿಗೂ ಗೊತ್ತು. ಒಂದೇ ಮರದಲ್ಲಿ ಕೂತು ಒಂದು ಹಣ್ಣು ತಿನ್ನುತ್ತದೆ, ಇನ್ನೊಂದು ತಿನ್ನದೆ ನೋಡುತ್ತದೆ. ಅದ್ವೈತಕ್ಕೆ ಸಾಕ್ಷಿ ಎಂದರೆ ಈ ನೋಡುವ, ಏನೂ ಅಂಟದ ಅರಿವು. ಎಲ್ಲವನ್ನೂ ಬೆಳಗುತ್ತದೆ, ಯಾವುದರ ಬಗೆಗೂ ತೀರ್ಪು ಕೊಡುವುದಿಲ್ಲ. ಮಧ್ವಮತದಲ್ಲಿ ಸಾಕ್ಷಿಯ ಪಾತ್ರವೇ ಬೇರೆ. ಅದು ಜೀವಾತ್ಮನ ಸ್ವರೂಪಕ್ಕೆ ಸೇರಿದ ಇಂದ್ರಿಯ. ಬಂದ ತಿಳಿವು ಸರಿಯೋ ತಪ್ಪೋ ಎಂದು ನಿಶ್ಚಯಿಸುವ ಹೊಣೆ ಅದರದು. ಸುಖದುಃಖವನ್ನು ನೇರವಾಗಿ ಉಣ್ಣುವುದೂ ಅದೇ. ಸೂಕ್ಷ್ಮ ಭೇದಗಳನ್ನು ಪಂಡಿತರಿಗೆ ಬಿಟ್ಟು, ಹೋಲಿಕೆಯ ಮಟ್ಟಿಗೆ ಹೇಳುವುದಾದರೆ, ಕ್ಯಾಮೆರಾ ಕಂಡ ಹಕ್ಕಿ, ಫೆಂಗ್‌ಮಿಂಗ್ ಉಂಡ ಹಕ್ಕಿ. ಈ ಭೇದದ ಕ್ರೂರ ಉದಾಹರಣೆ ಸೂಚೌ ನಗರದ ಹೊರಗಿನ ಗುಡ್ಡದ ಮೇಲಿದೆ. ಪೀಕಿಂಗ್ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯಾಗಿದ್ದ ಲಿನ್ ಝಾವ್ ಜೈಲಿನಲ್ಲಿ ತನ್ನ ರಕ್ತದಿಂದಲೇ ಬರೆದವಳು, ಕ್ರೈಸ್ತಳು, ತನ್ನ ಮಾತನ್ನು ಹಿಂತೆಗೆದುಕೊಳ್ಳಲು ಒಪ್ಪದವಳು. 1968ರ ಏಪ್ರಿಲ್ 29ರಂದು ಶಾಂಘೈನಲ್ಲಿ ಆಕೆಯನ್ನು ಗುಂಡಿಟ್ಟು ಕೊಂದು, ಗುಂಡಿನ ಬೆಲೆ ಐದು ಫೆನ್ ಎಂದು ತಾಯಿಯಿಂದ ವಸೂಲು ಮಾಡಲಾಯಿತು. ಸರ್ಕಾರಿ ಸುದ್ದಿಸಂಸ್ಥೆಯ ಕೆಲಸ ಬಿಟ್ಟು ಹು ಜಿಯೆ ಮಾಡಿದ 2004ರ ಚಿತ್ರ ಆಕೆಯನ್ನು ಮತ್ತೆ ಜನರ ಬಾಯಿಗೆ ತಂದಿತು. ಈಗ ಆಕೆಯ ಸಮಾಧಿಯ ಬಳಿ ಕಣ್ಗಾವಲು ಕ್ಯಾಮೆರಾ ಇದೆ. ಬಂದುಹೋಗುವವರೆಲ್ಲರನ್ನೂ ಅದು ನೋಡುತ್ತದೆ, ಎಲ್ಲವೂ ದಾಖಲಾಗುತ್ತದೆ. ಪ್ರತ್ಯಕ್ಷಕ್ಕೆ ಅಲ್ಲಿ ಏನೂ ಕೊರತೆಯಿಲ್ಲ. ಸಾಕ್ಷ್ಯ ಮಾತ್ರ ಒಂದು ಹನಿಯೂ ಇಲ್ಲ.

ಕೋರ್ಟಿನ ಭಾಷೆಯಲ್ಲಿ ಆಕ್ಷೇಪ ಎತ್ತುವವರಿಗೆ ಬಸವಕಲ್ಯಾಣದ ಕಡೆ ಕೈತೋರಿಸಬಹುದು. ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ಅಲ್ಲಿ ವಿಜ್ಞಾನೇಶ್ವರ ‘ಮಿತಾಕ್ಷರಾ’ ಬರೆದ. ಅವನು ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯ ಸ್ಮೃತಿ ಮನುಷ್ಯರ ವ್ಯಾಜ್ಯಕ್ಕೆ ಮೂರು ಪ್ರಮಾಣ ಹೇಳುತ್ತದೆ: ಲಿಖಿತ, ಭುಕ್ತಿ, ಸಾಕ್ಷಿ. ಬರೆದ ಪತ್ರ, ಅನುಭೋಗದ ಹಕ್ಕು, ಕಂಡು ಹೇಳುವ ಜನ. ಚೀನಾದ ಸಂದರ್ಭದಲ್ಲಿ ಮೊದಲಿನ ಎರಡೂ ಪ್ರತಿವಾದಿಯ ಕೈಯಲ್ಲಿವೆ. ಪತ್ರಾಗಾರ ರಾಜ್ಯದ್ದು, ನೆಲ ರಾಜ್ಯದ್ದು. 2014ರ ಆಗಸ್ಟ್‌ನಲ್ಲಿ ಬೀಜಿಂಗ್ ಸ್ವತಂತ್ರ ಚಲನಚಿತ್ರೋತ್ಸವವನ್ನು ಮುಚ್ಚಿಸಿದಾಗ ಅದನ್ನು ನಡೆಸುತ್ತಿದ್ದ ನಿಧಿಯ ಚಿತ್ರಸಂಗ್ರಹವನ್ನೇ ಪೊಲೀಸರು ಹೊತ್ತುಕೊಂಡು ಹೋದರು. ಉಳಿದದ್ದು ಮೂರನೆಯದು. ಆದರೆ ಈ ಸಾಕ್ಷಿಗಳು ನೊಂದವರು, ಹಾಗಾಗಿ ಪಕ್ಷಪಾತಿಗಳು. ವ್ಯಾಜ್ಯದಲ್ಲಿ ಸ್ವಂತ ಹಿತ ಇದ್ದವನ ಸಾಕ್ಷಿ ಹೇಗೆ ನಡೆಯುತ್ತದೆ ಎಂದು ಕೇಳಿದರೆ ಅದು ಗಟ್ಟಿ ಪ್ರಶ್ನೆಯೇ. ಸ್ಮೃತಿಕಾರರೂ ವೈರಿಯನ್ನು, ನಂಟನನ್ನು, ಪಾಲುದಾರನನ್ನು ಸಾಕ್ಷಿಯಾಗಿ ಒಪ್ಪುವುದಿಲ್ಲ. ಆದರೆ ಅದೇ ಸ್ಮೃತಿ ಒಂದು ವಿನಾಯಿತಿ ಇಟ್ಟಿದೆ: ಕಳವು, ನಿಂದೆ, ಬಲಾತ್ಕಾರದ ಕೃತ್ಯಗಳಲ್ಲಿ ಯಾರು ಬೇಕಾದರೂ ಸಾಕ್ಷಿಯಾಗಬಹುದು. ಸಾಲಪತ್ರಕ್ಕೆ ಸಹಿ ಹಾಕಲು ಸಜ್ಜನರನ್ನು ಆರಿಸಿ ಕೂರಿಸಿಕೊಳ್ಳಬಹುದು. ಕೊಲೆ ಮಾಡುವವನು ಸಾಕ್ಷಿಗಳನ್ನು ಆರಿಸಿ ಕರೆಯುವುದಿಲ್ಲವಲ್ಲ. ಶಿಬಿರದೊಳಗೆ ಇದ್ದವರು ಎರಡೇ ಬಗೆಯವರು, ಹಸಿದವರು ಮತ್ತು ಕಾವಲುಗಾರರು. ಹಸಿದವರನ್ನು ಹಿತಾಸಕ್ತರೆಂದು ತಳ್ಳಿದರೆ ಉಳಿಯುವುದು ಕಾವಲುಗಾರನ ಮಾತು.

ಇದಕ್ಕಿಂತ ತೊಡಕಿನದು ಕತ್ತರಿಯ ಪ್ರಶ್ನೆ. ಸಾಕ್ಷಿ ಮಾತಾಡಿದ್ದು ಐದು ಗಂಟೆ, ತೆರೆಗೆ ಬಂದದ್ದು ಐದು ನಿಮಿಷ. ಹಾಗಿದ್ದರೆ ಅದು ಯಾರ ಮಾತು? ಬೀಜಿಂಗಿನಲ್ಲೇ ಹುಟ್ಟಿ ಬೆಳೆದ ಅಮೆರಿಕನ್ ಮಹಿಳೆ ಕಾರ್ಮಾ ಹಿಂಟನ್ ಅವರು ರಿಚರ್ಡ್ ಗೋರ್ಡನ್ ಜೊತೆ 1995ರಲ್ಲಿ ಮಾಡಿದ, 1989ರ ತಿಯಾನನ್‌ಮೆನ್ ಪ್ರತಿಭಟನೆಯನ್ನು ಕುರಿತ ಮೂರು ಗಂಟೆಯ ಚಿತ್ರದ ಸುತ್ತ ಎದ್ದ ಜಗಳವೇ ಇದಕ್ಕೆ ದೃಷ್ಟಾಂತ. ಚೀನಾ ಸರ್ಕಾರ ಅದನ್ನು ವಿರೋಧಿಸಿದ್ದು ನಿರೀಕ್ಷಿತ. ದೇಶ ಬಿಟ್ಟು ಹೋಗಿದ್ದ ಹೋರಾಟಗಾರರಲ್ಲೂ ಹಲವರು ಅದರ ಮೇಲೆ ಮುಗಿಬಿದ್ದರು. ಕಾರಣ, ವಿದ್ಯಾರ್ಥಿ ನಾಯಕಿ ಚಾಯ್ ಲಿಂಗ್ ಹತ್ಯಾಕಾಂಡಕ್ಕೆ ಕೆಲವೇ ದಿನ ಮೊದಲು ಕೊಟ್ಟ ಸಂದರ್ಶನದ ಒಂದು ಕ್ರಿಯಾಪದ. ‘ಚಿದಾಯ್’ ಎಂಬ ಆ ಚೀನೀ ಮಾತನ್ನು ರಕ್ತಪಾತವನ್ನು ಹಾರೈಸುವುದು ಎಂದು ಅನುವಾದಿಸಬೇಕೋ, ಅದು ಬರುತ್ತದೆಂದು ಎದುರುನೋಡುವುದು ಎಂದು ಅನುವಾದಿಸಬೇಕೋ? ಒಂದು ಪದದ ಮೇಲೆ ಒಬ್ಬಾಕೆಯ ಇಡೀ ಶೀಲ ನಿಂತುಬಿಟ್ಟಿತು. ಜಗಳ ಕೋರ್ಟಿನ ಮೆಟ್ಟಿಲನ್ನೂ ಏರಿತು. ಈ ಪ್ರಸಂಗ ಸಾಕ್ಷ್ಯಚಿತ್ರದ ಸೋಲು ಎಂದು ಹಲವರ ಮತ. ನಾನು ಇದನ್ನು ಉಲ್ಟಾ ಓದುತ್ತೇನೆ. ಪದದ ಮೇಲೆ ಜಗಳವಾಡಲು ಸಾಧ್ಯವಾದದ್ದು ಆಡಿದವರು ಯಾರು, ಯಾವಾಗ, ಯಾರೆದುರು ಎಂಬುದೆಲ್ಲ ಗೊತ್ತಿದ್ದರಿಂದ. ಮಧ್ವಮತದ ಟೀಕಾಚಾರ್ಯ ಜಯತೀರ್ಥರ ಪರಂಪರೆ ಇದನ್ನೇ ಪರೀಕ್ಷೆ ಎನ್ನುತ್ತದೆ. ತಿಳಿವು ತಾನಾಗಿಯೇ ಪ್ರಮಾಣ. ಶಂಕೆ ಬಂದಲ್ಲಿ ಪರೀಕ್ಷೆಗೆ ಒಡ್ಡಬೇಕು, ಪರೀಕ್ಷೆ ಸಾಕ್ಷಿಯ ಮುಂದೆ ಕೊನೆಗೊಳ್ಳಬೇಕು. ಪರೀಕ್ಷೆಗೆ ಸಿಗುವುದೇ ಮಾತಿನ ಗುಣ. ಮ್ಯೂಸಿಯಂನ ಮೂರು ಸಾಲಿನ ಜೊತೆ ಯಾರೂ ಪಾಟೀಸವಾಲು ನಡೆಸಲಾರರು.

ಚೀನಾದ ಕಮ್ಯುನಿಸ್ಟ್ ಪಕ್ಷವೇ 1981ರ ನಿರ್ಣಯದಲ್ಲಿ ಸಾಂಸ್ಕೃತಿಕ ಕ್ರಾಂತಿಯನ್ನು ಘೋರ ತಪ್ಪು ಎಂದು ಒಪ್ಪಿಕೊಂಡಿಲ್ಲವೆ, ಇನ್ನೇನು ಬೇಕು ಎನ್ನುವವರೂ ಇದ್ದಾರೆ. ಒಪ್ಪಿಕೊಂಡಿದೆ, ನಿಜ. ಅದು ಆಡುವವನಿಲ್ಲದ ಒಪ್ಪಿಗೆ. ತಪ್ಪು ನಡೆಯಿತು ಎನ್ನುತ್ತದೆ. ಇಂಥ ಶಾಲೆಯ ಅಂಗಳದಲ್ಲಿ, ಇಂಥ ದಿನ, ಇಂಥವರ ಕೈಯಲ್ಲಿ ಎನ್ನುವುದಿಲ್ಲ. ಬಿಯೆನ್ ಅವರ ಶಾಲೆಯಲ್ಲಿ ಕಲಿತಿದ್ದ, 1966ರಲ್ಲಿ ಮಾವೊ ತೋಳಿಗೆ ಕೆಂಪು ಪಟ್ಟಿ ಕಟ್ಟಿ ಹೆಸರಾಗಿದ್ದ ಸಾಂಗ್ ಬಿನ್‌ಬಿನ್ 2014ರಲ್ಲಿ ಬಹಿರಂಗವಾಗಿ ಕ್ಷಮೆ ಕೇಳಿದಾಗ ವಾಂಗ್ ಜಿಂಗ್‌ಯಾವ್ ಅದನ್ನು ತಿರಸ್ಕರಿಸಿದ್ದು ಮುದುಕನ ಕಹಿ ಎಂದು ನನಗೆ ತೋರುವುದಿಲ್ಲ. ಅವರಿಗೆ ಬೇಕಿದ್ದದ್ದು ಪಶ್ಚಾತ್ತಾಪಕ್ಕಿಂತ ಮೊದಲು ಸಾಕ್ಷ್ಯ.

ಇಷ್ಟಾದರೂ ಒಂದು ಆಕ್ಷೇಪ ನಮ್ಮ ಕಡೆಗೇ ತಿರುಗುತ್ತದೆ. ನೆರೆಮನೆಯ ನೆಲಮಾಳಿಗೆ ಅಗೆಯುವುದು ಸುಲಭ, ಅದರಲ್ಲೂ ಆ ನೆರೆಯವನ ಜೊತೆ 1962ರಲ್ಲೂ 2020ರಲ್ಲೂ ಗಡಿಯಲ್ಲಿ ರಕ್ತ ಹರಿದಿರುವಾಗ. ಈ ಆಕ್ಷೇಪ ನ್ಯಾಯವಾದದ್ದು, ಅದಕ್ಕೆ ಉತ್ತರ ಮಾತಿನಲ್ಲಿ ಕೊಟ್ಟರೆ ಸಾಲದು. 1962ರ ನವೆಂಬರ್‌ನಲ್ಲಿ ಭಾರತ ಸರ್ಕಾರ ಅಸ್ಸಾಂ, ಡಾರ್ಜಿಲಿಂಗ್, ಶಿಲ್ಲಾಂಗ್ ಕಡೆಯ ಚೀನೀ ಮೂಲದ ಸುಮಾರು ಮೂರು ಸಾವಿರ ಜನರನ್ನು, ಮುದುಕರು ಮಕ್ಕಳೆನ್ನದೆ, ಮನೆಗಳಿಂದ ಎಬ್ಬಿಸಿ ರಾಜಸ್ಥಾನದ ದೇವಲಿ ಶಿಬಿರದಲ್ಲಿ ಕೂಡಿಹಾಕಿತು. ಕೆಲವರು 1967ರವರೆಗೆ ಅಲ್ಲೇ ಇದ್ದರು. ಜಿಯಾಬಿಯಾನ್‌ಗೌ ಜೊತೆ ದೇವಲಿಯನ್ನು ತೂಗುವುದು ತಪ್ಪಾಗುತ್ತದೆ. ದೇವಲಿಯಲ್ಲಿ ಜನರನ್ನು ಹಸಿವಿಗೆ ಬಲಿಕೊಡಲಿಲ್ಲ. ಆದರೆ ಮರೆವಿನ ಬಗೆ ಒಂದೇ. ನಮ್ಮ ಪಠ್ಯಪುಸ್ತಕಗಳ ಯುದ್ಧದಲ್ಲಿ ಈ ಮೂರು ಸಾವಿರ ಜನರಿಗೆ ಮ್ಯೂಸಿಯಂನ ಮೂರು ಸಾಲೂ ಸಿಕ್ಕಿಲ್ಲ. ರಫೀಕ್ ಇಲಿಯಾಸ್ ಅವರ 2015ರ ಸಾಕ್ಷ್ಯಚಿತ್ರದಲ್ಲಿ ಮಾತಾಡುವವರು ಅವರೇ, ಹೆಚ್ಚಿನವರು ಈಗ ಕೆನಡಾದಲ್ಲಿ ನೆಲೆಸಿದವರು. ವಾತ್ಸ್ಯಾಯನನ ಸೂತ್ರ ಎರಡೂ ದಿಕ್ಕಿಗೆ ಅನ್ವಯಿಸಬೇಕಲ್ಲ; ಮ್ಲೇಚ್ಛನೂ ಆಪ್ತನಾಗಬಲ್ಲ ಎಂದರೆ, ನಮ್ಮ ವಿರುದ್ಧ ಸಾಕ್ಷಿ ಹೇಳುವ ಮ್ಲೇಚ್ಛನೂ ಆಪ್ತನೇ.

ರಾಜ್ಯಗಳಿಗೆ ಇಷ್ಟವಾಗುವ ಸಾಕ್ಷಿಗಳೂ ಇದ್ದಾರೆ, ಸತ್ತವರು. ಕನ್ನಡ ಮನೆಮಾತಾದವರು ಬಹಳಷ್ಟಿರುವ ಸೊಲ್ಲಾಪುರದಲ್ಲಿ ಹುಟ್ಟಿದ ಡಾ. ದ್ವಾರಕಾನಾಥ ಕೋಟ್ನಿಸ್ 1938ರಲ್ಲಿ ವೈದ್ಯರ ತಂಡದೊಡನೆ ಚೀನಾಕ್ಕೆ ಹೋಗಿ, ಎಂಟನೇ ಮಾರ್ಗ ಸೇನೆಯ ಗಾಯಾಳುಗಳ ಸೇವೆ ಮಾಡುತ್ತ 1942ರ ಡಿಸೆಂಬರ್‌ನಲ್ಲಿ ತೀರಿಕೊಂಡರು. 1946ರಲ್ಲಿ ವಿ. ಶಾಂತಾರಾಂ ಕೋಟ್ನಿಸರ ಮೇಲೆ ಕಥಾಚಿತ್ರ ಮಾಡಿದರು. ಚೀನಾ ಇಂದಿಗೂ ಕೋಟ್ನಿಸರನ್ನು ಹುತಾತ್ಮರ ಉದ್ಯಾನದಲ್ಲಿಟ್ಟು ಗೌರವಿಸುತ್ತದೆ. ಅವರು ಅದಕ್ಕೆ ಅರ್ಹರು. ಹುತಾತ್ಮನಿಗೆ ಗ್ರೀಕರು ಇಟ್ಟ ಹೆಸರಿನ ಮೂಲಾರ್ಥ ಸಾಕ್ಷಿ. ಅರಬ್ಬಿಯ ‘ಶಹೀದ್’ನ ಬೇರೂ ಅದೇ. ಚೀನಾದಲ್ಲಿ ಹುತಾತ್ಮರ ಮಾನ ಕಾಯಲು 2018ರಿಂದ ಕಾನೂನೇ ಇದೆ. ಅವರನ್ನು ಹೀಗಳೆದರೆ 2021ರ ತಿದ್ದುಪಡಿಯ ಪ್ರಕಾರ ಮೂರು ವರ್ಷದವರೆಗೆ ಜೈಲು. ಕೋಟ್ನಿಸ್ ಆ ಕಾನೂನಿನ ನೆರಳಲ್ಲಿ ಇದ್ದಾರೆ, ಲಿನ್ ಝಾವ್ ಕ್ಯಾಮೆರಾದ ನೆರಳಲ್ಲಿ.

ಕೊನೆಯ ಆಕ್ಷೇಪಕ್ಕೆ ನನ್ನಲ್ಲಿ ಪೂರ್ತಿ ಉತ್ತರ ಇಲ್ಲ. ಸಾಕ್ಷಿಗೆ ಮಾತಾಡುವ ಮನಸ್ಸೇ ಇಲ್ಲದಿದ್ದರೆ? ಯಾಜ್ಞವಲ್ಕ್ಯ ಇಲ್ಲಿ ಕಠೋರ. ಗೊತ್ತಿದ್ದೂ ಸಾಕ್ಷಿ ಹೇಳದವನ ಪಾಪ ಸುಳ್ಳುಸಾಕ್ಷಿಯ ಪಾಪಕ್ಕೆ ಸಮ ಎನ್ನುತ್ತಾನೆ. ಆದರೆ ಸತ್ಯ ಹೇಳಿದರೆ ಒಬ್ಬನ ಪ್ರಾಣ ಹೋಗುತ್ತದೆ ಎಂದಾದಲ್ಲಿ ಸುಳ್ಳಾಡಲೂ ಬಹುದು ಎಂದು ಅವನೇ ಸಡಿಲಿಸುತ್ತಾನೆ, ಆಮೇಲೆ ಸರಸ್ವತಿಗೆ ಚರುವಿನ ಹವಿಸ್ಸು ಅರ್ಪಿಸಿ ಪ್ರಾಯಶ್ಚಿತ್ತ ಮಾಡಿಕೊಳ್ಳಲು ವಿಧಿಸುತ್ತಾನೆ. ಅನುಮತಿ ಕೊಟ್ಟ ಸುಳ್ಳಿಗೂ ವಾಗ್ದೇವಿಯ ಮುಂದೆ ದಂಡ ಕಟ್ಟಿಸುವ ಈ ವಿಧಿಯನ್ನು ಶಾಸ್ತ್ರದ ಚಾಲಾಕಿ ಎಂದು ಓದುವವರಿದ್ದಾರೆ. ಭಯದಲ್ಲಿ ಬದುಕುವ ಸಮಾಜವೊಂದನ್ನು ಬಲ್ಲವರು ಹಾಗೆ ಓದಲಾರರು. 1959ರಿಂದ 1961ರ ಚೀನಾದ ಕ್ಷಾಮದಲ್ಲಿ ಸತ್ತವರ ಅಂದಾಜು ಒಂದೂವರೆ ಕೋಟಿಯಿಂದ ನಾಲ್ಕೂವರೆ ಕೋಟಿಯವರೆಗೆ ಇದೆ. ಈ ಅಂತರವೇ ಮೌನದ ಅಳತೆ. ವು ವೆನ್‌ಗುವಾಂಗ್ 2010ರಲ್ಲಿ ಆರಂಭಿಸಿದ ಜನಸ್ಮೃತಿ ಯೋಜನೆಯಲ್ಲಿ ಯುವಕ ಯುವತಿಯರು ತಮ್ಮತಮ್ಮ ಹಳ್ಳಿಗೆ ಮರಳಿ ಅಜ್ಜ ಅಜ್ಜಿಯರನ್ನು ಆ ವರ್ಷಗಳ ಬಗ್ಗೆ ಕೇಳಿದರು. ಅವರಲ್ಲೊಬ್ಬರಾದ ಝೌ ಶ್ಯುಪಿಂಗ್ ತಮ್ಮ ಶಾಂಡೊಂಗ್ ಹಳ್ಳಿಯ ಮುದುಕರ ಮಾತನ್ನು ಚಿತ್ರಿಸಿ, ಮುಂದಿನ ವರ್ಷ ಆ ಚಿತ್ರವನ್ನು ಹಳ್ಳಿಯವರ ಮುಂದೆಯೇ ಇಟ್ಟರು. ಇದನ್ನು ಹೊರಗಿನವರಿಗೆ ತೋರಿಸಬೇಕೆ, ಊರಿನ ಮಾನ ಹೋಗುವುದಿಲ್ಲವೆ ಎಂಬ ಅಳುಕು ಎದ್ದಿತು. ಆ ಅಳುಕನ್ನೂ ಝೌ ಎರಡನೆಯ ಚಿತ್ರವಾಗಿಸಿದರು. ಮೂರನೆಯದರಲ್ಲಿ ದೊಡ್ಡವರನ್ನು ಬಿಟ್ಟು ಊರಿನ ಮಕ್ಕಳನ್ನು ಜೊತೆಗೆ ಕರೆದುಕೊಂಡರು. ಕ್ಷಾಮದಲ್ಲಿ ತೀರಿಹೋದವರು ಯಾರು, ಅವರ ಹೆಸರೇನು ಎಂದು ಮಕ್ಕಳು ಕೇಳಿ ತಿಳಿದುಕೊಂಡರು. ಸುಮಾರು ಐವತ್ತು ವರ್ಷ ಬಾಯಿಗೆ ಬಾರದ ಹೆಸರುಗಳನ್ನು ಹಿರಿಯರು ಆ ಮಕ್ಕಳಿಗೆ ಒಂದೊಂದಾಗಿ ಹೇಳಿದರು.